ಅಳಿಸಿದ ಮೇಲೆ ಉಳಿಯುವುದೇನು

ಫೋನಿನ ಪರದೆಯ ಕೆಳಗೆ ಅಕ್ಕಪಕ್ಕ ಎರಡು ಗುಂಡಿ. ಒಂದರ ಮೇಲೆ ‘ಉಳಿಸಿ’, ಇನ್ನೊಂದರ ಮೇಲೆ ‘ಅಳಿಸಿ’. ಎರಡಕ್ಕೂ ಮೂರು ಮೂರು ಅಕ್ಷರ, ಕೊನೆಯ ಎರಡು ಒಂದೇ, ಬೇರೆ ಇರುವುದು ಮೊದಲ ಸ್ವರ ಮಾತ್ರ. ಅಕ್ಷರ ಚಿಕ್ಕದಿದ್ದು ಓದುವವರು ಅವಸರದಲ್ಲಿದ್ದರೆ ‘ಉ’ಗೂ ‘ಅ’ಗೂ ನಡುವಿನ ವ್ಯತ್ಯಾಸ ಒಂದು ಸುಳಿಯಷ್ಟು. ಅರ್ಧ ಗಂಟೆ ಕೂತು ಬರೆದ ಪತ್ರ ಆ ಸುಳಿಯ ಮೇಲೆ ನಿಂತಿರುತ್ತದೆ. ಅಳಿವು-ಉಳಿವು ಎಂದು ಜೋಡಿಯಾಗಿ ಹೇಳುವಾಗ ಕಿವಿಗೆ ಹಿತವಾಗುವ ಪ್ರಾಸವೇ ಗುಂಡಿಯ ಮೇಲೆ ಬಂದಾಗ ಅಪಾಯವಾಗುತ್ತದೆ. ಎರಡು ಪದಗಳೂ ಸರಿಯಾದ ಕನ್ನಡ, ಎರಡರ ಅರ್ಥವೂ ಸ್ಪಷ್ಟ. ತಪ್ಪಿದ್ದು ಆಯ್ಕೆಯಲ್ಲಿ.

ಅನುವಾದದ ಮೇಜಿನ ಮೇಲೆ ಇದು ದಿನವೂ ಬರುವ ಪ್ರಶ್ನೆ. ಡಿಲೀಟ್, ರಿಮೂವ್, ಎರೇಸ್, ಕ್ಲಿಯರ್, ಡಿಸ್‌ಮಿಸ್ ಎಂದು ಐದು ಗುಂಡಿ ಬಂದರೆ ಐದಕ್ಕೂ ‘ಅಳಿಸು’ ಎಂದು ಬರೆದು ಮುಂದೆ ಹೋಗುವುದೇ ಹೆಚ್ಚು. ಅದು ಬೇಸರವಾದರೆ ‘ತೆಗೆದುಹಾಕು’. ಗಂಭೀರವಾಗಿ ಕೇಳಿಸಬೇಕಿದ್ದರೆ ‘ನಾಶಪಡಿಸು’. ನಾಶ, ಹಾಳು, ಧ್ವಂಸ, ನಿರ್ನಾಮ, ನಿರ್ಮೂಲನೆ, ರದ್ದು, ತೆರವು ಎಲ್ಲವನ್ನೂ ಸಮಾನಾರ್ಥಕ ಪದಗಳೆಂದು ಒಂದೇ ಸಾಲಿನಲ್ಲಿ ಕೂರಿಸುವುದು ಸುಲಭ. ಆಡುವವರ ಬಾಯಲ್ಲಿ ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಒಗ್ಗುವುದಿಲ್ಲ. ಯಾಕೆ ಒಗ್ಗುವುದಿಲ್ಲ ಎಂದು ಒಂದೊಂದನ್ನೇ ಎತ್ತಿ ನೋಡುತ್ತ ಹೋದರೆ ನನಗೆ ಕಾಣುವುದು ಇಷ್ಟು: ಈ ಕ್ರಿಯಾಪದಗಳ ಜೀವ ಇರುವುದು ಏನು ಹೋಯಿತು ಎಂಬುದರಲ್ಲಲ್ಲ, ಹೋದ ಮೇಲೆ ಏನು ಉಳಿಯಿತು ಎಂಬುದರಲ್ಲಿ.

ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಬಟ್ಟೆ ಹರಿಯುತ್ತದೆ, ಸೌದೆಯನ್ನು ಸೀಳುತ್ತೇವೆ. ಮಾತು ಕಲಿತ ಮಗು ‘ಕೋಲು ಒಡೆಯಿತು’ ಅನ್ನುವುದಿಲ್ಲ. ಒಡೆದದ್ದು ಚೂರಾಗಿ ಚೆಲ್ಲುತ್ತದೆ, ಮುರಿದದ್ದು ಎರಡು ತುಂಡಾಗಿ ಕೈಯಲ್ಲಿ ಉಳಿಯುತ್ತದೆ, ಹರಿದದ್ದರ ಅಂಚು ನೂಲುನೂಲಾಗುತ್ತದೆ, ಸೀಳಿದ್ದು ಎಳೆಯ ಉದ್ದಕ್ಕೂ ಬಿಡುತ್ತದೆ. ಚಪ್ಪಲಿ ಹರಿದರೆ ಹೊಲಿಸಬೇಕು, ಚಪ್ಪಲಿ ಕಿತ್ತುಹೋದರೆ ಬಾರನ್ನು ತೂತಿಗೆ ಮತ್ತೆ ತೂರಿಸಿದರೆ ಮನೆವರೆಗೆ ನಡೆಯಬಹುದು. ರಿಪೇರಿಯ ದಾರಿ ಕ್ರಿಯಾಪದದೊಳಗೇ ಇದೆ. ಮನೆ ಎಂಬ ಒಂದೇ ಕರ್ಮಕ್ಕೆ ಬೇರೆ ಬೇರೆ ಕ್ರಿಯಾಪದ ಕೊಟ್ಟು ನೋಡಿ. ಮನೆ ಕೆಡವಿದರು ಎಂದರೆ ಗೋಡೆ ಹೋಯಿತು, ಸಂಸಾರ ಬೇರೆಡೆ ಇದೆ. ಮನೆ ಒಡೆದರು ಎಂದರೆ ಅಣ್ಣ ತಮ್ಮಂದಿರು ಬೇರೆಯಾದರು, ಗೋಡೆ ಹಾಗೇ ನಿಂತಿರಬಹುದು. ಮನೆ ಹಾಳುಬಿತ್ತು ಎಂದರೆ ಗೋಡೆಯೂ ಇದೆ, ಯಾರೂ ಅದನ್ನು ಮುಟ್ಟಿಯೂ ಇಲ್ಲ, ಬಾಳುವವರಿಲ್ಲ ಅಷ್ಟೆ. ‘ಮನೆ ನಾಶವಾಯಿತು’ ಎಂದು ಬರೆದುಬಿಟ್ಟರೆ ಈ ಮೂರರಲ್ಲಿ ಯಾವುದು ಎಂದು ಓದುಗ ಊಹಿಸಬೇಕು.

ಕೆಡವುವ ಕೆಲಸವನ್ನು ಹತ್ತಿರದಿಂದ ನೋಡಿದರೆ

ಹೆಂಚಿನ ಹಳೆಯ ಮನೆಯೊಂದನ್ನು ಕೈಯಿಂದಲೇ ಇಳಿಸುವ ಕೆಲಸ ನಡೆಯುವಾಗ ಮೇಸ್ತ್ರಿಯ ಬಾಯಿಂದ ಬರುವ ಕ್ರಿಯಾಪದಗಳನ್ನು ಸುಮ್ಮನೆ ಕೇಳಿಸಿಕೊಳ್ಳಬೇಕು. ಮೊದಲು ಕರೆಂಟು ಕಡಿತ. ಆಮೇಲೆ ಬಲ್ಬು, ಸ್ವಿಚ್ಚು, ವೈರು ‘ಬಿಚ್ಚು’. ಕದ, ಕಿಟಕಿಯ ರೆಕ್ಕೆ ‘ಕಳಚು’. ಹೆಂಚು ‘ಇಳಿಸು’. ಹೆಂಚಿನ ಕೆಳಗಿನ ರೀಪಿನ ಮೊಳೆ ‘ಕೀಳು’. ತೊಲೆ ಮತ್ತೆ ‘ಇಳಿಸು’. ಚೌಕಟ್ಟು ‘ಬಿಡಿಸು’. ಗಾರೆ ‘ಉದುರಿಸು’. ಇಷ್ಟೆಲ್ಲ ಆದ ಮೇಲೆ ಗೋಡೆಯ ಸರದಿ ಬಂದಾಗ ಮೊದಲ ಸಲ ‘ಕೆಡವು’ ಎಂಬ ಮಾತು ಹೊರಡುತ್ತದೆ. ಕೊನೆಗೆ ತಳಪಾಯದ ಕಲ್ಲು ‘ಎಬ್ಬಿಸು’, ಮಣ್ಣು ‘ಸಾಗಿಸು’, ನೆಲ ‘ಮಟ್ಟ ಮಾಡು’. ಇಡೀ ಕೆಲಸದಲ್ಲಿ ‘ನಾಶ’ ಎಂಬ ಪದ ಒಮ್ಮೆಯೂ ಬರುವುದಿಲ್ಲ.

ಆ ಕ್ರಮಕ್ಕೆ ಕಾರಣವಿದೆ, ಆ ಪದಗಳಿಗೂ ಕಾರಣವಿದೆ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು, ಕಳಚಿದ್ದನ್ನು ಮತ್ತೆ ಸಿಕ್ಕಿಸಬಹುದು. ಕದದ ತಿರುಗಣಿ ಸರಿಯಾಗಿದ್ದರೆ ಅದೇ ಕದ ಇನ್ನೊಂದು ಚೌಕಟ್ಟಿಗೆ ಹೋಗುತ್ತದೆ. ಇಳಿಸಿದ್ದು ಇಡಿಯಾಗಿ ಕೆಳಗೆ ಬರಬೇಕು. ಹೆಂಚನ್ನು ಮೇಲಿನಿಂದ ಎಸೆದರೆ ಅದು ಇಳಿಸಿದಂತಲ್ಲ, ಒಡೆದಂತೆ. ಕಿತ್ತ ಮೊಳೆ ಸೊಟ್ಟಗಾಗಿರುತ್ತದೆ, ಮರದಲ್ಲಿ ತೂತು ಉಳಿದಿರುತ್ತದೆ. ಕೀಳುವುದರಲ್ಲಿ ಎರಡೂ ಕಡೆ ಗಾಯ. ಚೌಕಟ್ಟನ್ನು ‘ಕಿತ್ತುಬಿಡು’ ಎಂದರೆ ಅರ್ಥ ಬೇರೆ: ಮರ ಸೀಳಿದರೂ ಚಿಂತೆಯಿಲ್ಲ, ಸೌದೆಗೆ ಹಾಕುತ್ತೇವೆ. ‘ಬಿಡಿಸು’ ಎಂದರೆ ಸುತ್ತಲಿನ ಗಾರೆಯನ್ನು ಉಳಿಯಿಂದ ಮೊದಲು ಕೆರೆದು, ಚೌಕಟ್ಟು ಸಡಿಲವಾದ ಮೇಲೆ ಎಳೆಯಬೇಕು. ಒಂದು ಕ್ರಿಯಾಪದ ಬದಲಾದರೆ ಅರ್ಧ ದಿನದ ಕೂಲಿ ಬದಲಾಗುತ್ತದೆ. ತೊಲೆ ಇಳಿಸುವ ಮೊದಲೇ ಗೋಡೆಗೆ ಕೈ ಹಾಕಿದರೆ ಅದು ಕೆಡವಿದಂತೆ ಆಗುವುದಿಲ್ಲ, ‘ಕುಸಿಯುತ್ತದೆ’. ಕುಸಿ ಅಕರ್ಮಕ, ಅದಕ್ಕೆ ಮಾಡಿದವನಿಲ್ಲ. ಸುದ್ದಿಯಲ್ಲಿ ‘ಗೋಡೆ ಕುಸಿದು’ ಎಂದು ಓದುವಾಗಲೆಲ್ಲ ತೊಲೆಯನ್ನು ಯಾರು ಯಾವಾಗ ಇಳಿಸಿದರು ಎಂದು ಕೇಳಬೇಕೆನಿಸುತ್ತದೆ. ಸಕರ್ಮಕದಿಂದ ಅಕರ್ಮಕಕ್ಕೆ ಜಾರಿದ ಕೂಡಲೇ ಹೊಣೆ ಹೊತ್ತವರು ವಾಕ್ಯದಿಂದ ಮಾಯವಾಗುತ್ತಾರೆ.

‘ಕೆಡವು’, ‘ಕೆಡಿಸು’ ಎರಡೂ ಕಿವಿಗೆ ಒಂದೇ ಬಳಗದವು ಅನಿಸುತ್ತವೆ. ಅರ್ಥದಲ್ಲಿ ಮಾತ್ರ ಎರಡರ ದಾರಿ ಪೂರ್ತಿ ಬೇರೆ. ಕೆಡವಿದಾಗ ನಿಂತಿದ್ದು ಬೀಳುತ್ತದೆ. ಕುಸ್ತಿಯಲ್ಲಿ ಎದುರಾಳಿಯನ್ನೂ ಕೆಡವುತ್ತಾರೆ, ಆತ ಎದ್ದು ಮತ್ತೆ ಹಿಡಿಯುತ್ತಾನೆ. ಕೆಡಿಸಿದಾಗ ವಸ್ತು ನಿಂತಲ್ಲೇ ನಿಂತಿರುತ್ತದೆ, ಗುಣ ಹೋಗಿರುತ್ತದೆ. ಹೆಸರು ಕೆಡಿಸು, ನಿದ್ದೆ ಕೆಡಿಸು, ಬಾವಿ ನೀರು ಕೆಡಿಸು. ಇವೆರಡನ್ನೂ ಒಂದೇ ‘ನಾಶ’ದ ಕೆಳಗೆ ತರುವುದೆಂದರೆ ಭಾಷೆ ಕಷ್ಟಪಟ್ಟು ಮಾಡಿಕೊಂಡ ವಿಂಗಡಣೆಯನ್ನು ನಾವೇ ಕೂಡಿಸಿ ಕಲಸಿದಂತೆ.

‘ತೆಗೆ’ ಎಂಬ ತೊಡಕಿನ ಪದ

ಬಾಗಿಲು ತೆಗೆ ಎಂದರೆ ಒಳಗೆ ಬರಲು ಬಿಡು. ಬಾಗಿಲು ತೆಗೆದುಹಾಕು ಎಂದರೆ ಬಾಗಿಲೇ ಬೇಡ. ಫೋಟೊ ತೆಗೆ ಎಂದರೆ ಇಲ್ಲದ ಫೋಟೊ ಹುಟ್ಟುತ್ತದೆ, ಫೋಟೊ ತೆಗೆದುಹಾಕು ಎಂದರೆ ಇದ್ದ ಫೋಟೊ ಹೋಗುತ್ತದೆ. ಬೆಳೆ ತೆಗೆ, ಎಣ್ಣೆ ತೆಗೆ, ಜಗಳ ತೆಗೆ, ಮಾತು ತೆಗೆ, ಪ್ರಾಣ ತೆಗೆ. ಇವುಗಳಲ್ಲಿ ಹೆಚ್ಚಿನವು ಹುಟ್ಟಿಸುವ ಕೆಲಸ, ಕೊನೆಯದು ಮುಗಿಸುವ ಕೆಲಸ. ಇದನ್ನು ಗೊಂದಲ ಎನ್ನಬೇಕಿಲ್ಲ. ‘ತೆಗೆ’ಗೆ ಮೂಲದಲ್ಲಿ ಇರುವ ಚಲನೆ ಒಂದೇ: ಒಳಗಿದ್ದದ್ದು ಹೊರಗೆ ಬರಬೇಕು. ಹೊರಗೆ ಬಂದ ಮೇಲೆ ಅದರ ಗತಿಯೇನು ಎಂಬುದನ್ನು ಅದರ ಬೆನ್ನಿಗೇ ಬರುವ ಸಹಾಯಕ ಕ್ರಿಯಾಪದ ಹೇಳುತ್ತದೆ. ತೆಗೆದಿಡು ಎಂದರೆ ಜೋಪಾನ. ತೆಗೆದುಕೊ ಎಂದರೆ ನಿನ್ನದು. ತೆಗೆದುಹಾಕು ಎಂದರೆ ಅದರ ಜಾಗ ಇನ್ನು ಇದಲ್ಲ. ತೆಗೆದುಬಿಡು ಎಂದರೆ ಇನ್ನು ಯೋಚನೆ ಬೇಡ, ಆಗಿಹೋಗಲಿ.

ಹಾಗಾಗಿ ಕೆಲಸದ ಲೆಕ್ಕದಲ್ಲಿ ಒಂದು ನಿಯಮ. ಗುಂಡಿಯ ಮೇಲೆ, ಸೂಚನಾ ಫಲಕದ ಮೇಲೆ, ಯಂತ್ರದ ಕೈಪಿಡಿಯಲ್ಲಿ ‘ತೆಗೆಯಿರಿ’ ಎಂಬ ಒಂಟಿ ಪದವನ್ನು ಎಂದೂ ಬಿಡಬಾರದು. ‘ಮುಚ್ಚಳ ತೆಗೆಯಿರಿ’ ಎಂದರೆ ತೆರೆಯಬೇಕೋ ಬೇರ್ಪಡಿಸಬೇಕೋ ಎಂದು ಗೊತ್ತಾಗದೆ ಓದುವವನು ಮುಚ್ಚಳವನ್ನು ಎಳೆದು ತಿರುಗಣಿ ಮುರಿಯುತ್ತಾನೆ. ತೆರೆಯಬೇಕಿದ್ದರೆ ‘ತೆರೆಯಿರಿ’, ಬೇರ್ಪಡಿಸಿ ಮತ್ತೆ ಹಾಕಬೇಕಿದ್ದರೆ ‘ಕಳಚಿಡಿ’, ಬಿಸಾಡಬೇಕಿದ್ದರೆ ‘ತೆಗೆದು ಬಿಸಾಡಿ’. ಕೈಪಿಡಿಯಲ್ಲಿ ‘ಕಳಚಿ’ ಎಂದು ಬಂದಿದ್ದರೆ ನಾಲ್ಕು ಸಾಲು ಕೆಳಗೆ ‘ಮತ್ತೆ ಜೋಡಿಸಿ’ ಎಂದು ಬರಲೇಬೇಕು. ಬಾರದಿದ್ದರೆ ಎಲ್ಲೋ ಒಂದು ಕಡೆ ಕ್ರಿಯಾಪದ ತಪ್ಪಾಗಿದೆ ಎಂದೇ ಲೆಕ್ಕ. ಕೈಪಿಡಿ ತಿದ್ದುವಾಗ ನಾನು ಮೊದಲು ಹುಡುಕುವುದು ಈ ಜೋಡಿಗಳನ್ನು.

‘ಅಳಿಸು’ವಿನಲ್ಲಿ ಇನ್ನೊಂದು ಬಗೆಯ ತೊಡಕು. ‘ಅಳಿ’ಗೆ ‘ಇಸು’ ಸೇರಿದರೂ ಅಳಿಸು, ‘ಅಳು’ವಿಗೆ ‘ಇಸು’ ಸೇರಿದರೂ ಅಳಿಸು. ಬರಹ ಒಂದೇ, ಉಚ್ಚಾರವೂ ಒಂದೇ. ಕರ್ಮ ಗೆರೆಯೋ ಅಕ್ಷರವೋ ಆಗಿದ್ದರೆ ತೊಂದರೆಯಿಲ್ಲ. ಕರ್ಮ ಮನುಷ್ಯನಾದ ಕೂಡಲೇ ಎರಡನೆಯ ಅರ್ಥ ಮುಂದೆ ಬಂದು ನಿಲ್ಲುತ್ತದೆ. ‘ಈ ಸದಸ್ಯರನ್ನು ಅಳಿಸಿ’ ಎಂಬ ಗುಂಡಿ ಒತ್ತಿದರೆ ಆಗುವುದು ಏನು? ಮಗುವನ್ನು ಅಳಿಸಬೇಡ ಎಂದು ಮನೆಯಲ್ಲಿ ಕೇಳಿ ಬೆಳೆದ ಕಿವಿಗೆ ಅದು ಕ್ರೌರ್ಯವಾಗಿಯೇ ಕೇಳಿಸುತ್ತದೆ. ಮನುಷ್ಯರಿಗೆ ‘ಗುಂಪಿನಿಂದ ತೆಗೆ’, ‘ಪಟ್ಟಿಯಿಂದ ಹೆಸರು ಬಿಡು’ ಎನ್ನಬಹುದು, ಹೆಸರನ್ನು ಬೇಕಾದರೆ ಅಳಿಸಬಹುದು. ‘ಅಳಿಸಿಹಾಕು’ ಎಂದು ಉದ್ದ ಮಾಡಿದರೂ ಈ ತೊಡಕು ಬಿಡುತ್ತದೆ, ಅಳುವಿಗೆ ಹಾಗೆ ‘ಹಾಕು’ ಸೇರುವುದಿಲ್ಲ.

ಬೇರು, ಹೆಸರು

ಸಂಸ್ಕೃತದಿಂದ ಬಂದ ಪದಗಳು ಭಾರವಾಗಿ ಕೇಳಿಸುತ್ತವೆ, ಅದಕ್ಕೇ ಭಾಷಣಕ್ಕೆ ಬೇಗ ಒದಗುತ್ತವೆ. ಆದರೆ ಅವುಗಳೊಳಗೂ ಖಚಿತವಾದ ಚಿತ್ರಗಳಿವೆ. ನಿರ್ಮೂಲನೆಯಲ್ಲಿ ಮೂಲವಿದೆ, ಅಂದರೆ ಬೇರು. ನಿರ್ನಾಮದಲ್ಲಿ ನಾಮವಿದೆ, ಅಂದರೆ ಹೆಸರೂ ಉಳಿಯಬಾರದು. ನಿವಾರಣೆಯಲ್ಲಿ ತಡೆಯುವ ಅರ್ಥವಿದೆ. ನೋವು ನಿವಾರಕ ಗುಳಿಗೆ ನೋವನ್ನು ನಾಶ ಮಾಡುವುದಿಲ್ಲ, ಕೆಲವು ಗಂಟೆ ತಡೆದು ನಿಲ್ಲಿಸುತ್ತದೆ. ಅದರ ಮೇಲೆ ನೋವು ‘ನಾಶಕ’ ಎಂದು ಬರೆದಿದ್ದರೆ ಸುಳ್ಳಾಗುತ್ತಿತ್ತು. ಮೈಗೆ ಸವರುವ ಸೊಳ್ಳೆ ನಿವಾರಕವೂ ಹಾಗೆಯೇ: ಸೊಳ್ಳೆ ಹತ್ತಿರ ಬರುವುದಿಲ್ಲ, ಸಾಯುವುದಿಲ್ಲ. ಸಾಯಿಸುವುದಕ್ಕೆ ಕೀಟನಾಶಕ ಎಂಬ ಬೇರೆ ಪದವಿದೆ, ಅದನ್ನು ಮೈಗೆ ಸವರಿಕೊಳ್ಳಬಾರದು. ಇಲ್ಲಿ ಪದದ ಆಯ್ಕೆ ಚರ್ಮದ ಮೇಲೆ ಪರಿಣಾಮ ಬೀರುತ್ತದೆ.

ನಿರ್ಮೂಲನೆಯನ್ನು ಅತ್ಯಂತ ಎಚ್ಚರದಿಂದ ಬಳಸಬೇಕಾದ ಕಡೆ ಸಿಡುಬಿನ ಕತೆ. ಮನುಷ್ಯರಲ್ಲಿ ಅದು ಸಹಜವಾಗಿ ಹರಡಿದ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು. ಮರುವರ್ಷವೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರಯೋಗಾಲಯದ ವೈರಸ್‌ನಿಂದ ಸೋಂಕು ತಗುಲಿ ಒಂದು ಸಾವಾಯಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಿಡುಬು ನಿರ್ಮೂಲನೆಯಾಗಿದೆ ಎಂದು ಘೋಷಿಸಿತು. ಆದರೂ ಆ ವೈರಸ್ ಇವತ್ತಿಗೂ ಇದೆ, ಅಮೆರಿಕದ ಅಟ್ಲಾಂಟದಲ್ಲಿ ಒಂದು ಕಡೆ, ರಷ್ಯಾದ ಕೊಲ್ಟ್ಸೊವೊದಲ್ಲಿ ಒಂದು ಕಡೆ, ಶೀತಲ ಪೆಟ್ಟಿಗೆಗಳಲ್ಲಿ. ಅವುಗಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ವಾದ ನಡೆಯುತ್ತಲೇ ಇದೆ. ಆ ವಾದದಲ್ಲಿ ಬರುವ ಪದ ‘ನಾಶ’. ರೋಗ ನಿರ್ಮೂಲವಾಗಿದೆ, ವೈರಸ್ ನಾಶವಾಗಿಲ್ಲ, ಸಿಡುಬಿನ ಹೆಸರಂತೂ ನಿರ್ನಾಮವಾಗಿಲ್ಲ. ಮೂರು ಪದಗಳನ್ನು ಅದಲು ಬದಲು ಮಾಡಿದರೆ ಮೂರು ವಾಕ್ಯಗಳೂ ಖಚಿತವಾಗಿ ಉಳಿಯುವುದಿಲ್ಲ. ಆರೋಗ್ಯ ಇಲಾಖೆಗಳ ಭಾಷೆಯಲ್ಲಿ ಇನ್ನೊಂದು ಭೇದವೂ ಇದೆ. ಒಂದು ದೇಶದಲ್ಲಿ ಮಾತ್ರ ರೋಗ ಸೊನ್ನೆಗೆ ಬಂದು, ಲಸಿಕೆ ನಿಲ್ಲಿಸುವಂತಿಲ್ಲದ ಸ್ಥಿತಿ ಬೇರೆ. ಜಗತ್ತಿನಲ್ಲೇ ಇಲ್ಲವಾಗಿ, ಲಸಿಕೆಯನ್ನೇ ನಿಲ್ಲಿಸಬಹುದಾದ ಸ್ಥಿತಿ ಬೇರೆ. ಕನ್ನಡದಲ್ಲಿ ಎರಡಕ್ಕೂ ನಿರ್ಮೂಲನೆ ಎಂದೇ ಬರೆಯುತ್ತಾರೆ, ಓದಿದವರು ಮಗುವಿಗೆ ಇನ್ನು ಪೋಲಿಯೊ ಹನಿ ಹಾಕಿಸಬೇಕಿಲ್ಲ ಎಂದುಕೊಳ್ಳುತ್ತಾರೆ. ಮೊದಲನೆಯದಕ್ಕೆ ‘ಪೋಲಿಯೊಮುಕ್ತ’ ಎಂಬಂಥ ಮಾತು ವಾಸಿ. 2014ರಲ್ಲಿ ಭಾರತಕ್ಕೆ ಸಿಕ್ಕಿದ್ದು ಅಂಥ ಪ್ರಮಾಣಪತ್ರ. ಹನಿ ಹಾಕುವುದು ನಿಂತಿಲ್ಲ.

ಬೇರಿನ ಮಾತು ಹೊಲದಲ್ಲಿ ಇನ್ನೂ ಸ್ಪಷ್ಟ. ಜೇಕು ಎಂಬ ಕಳೆಯನ್ನು ಕೈಯಲ್ಲಿ ಹಿಡಿದು ಎಳೆದರೆ ಹುಲ್ಲು ಕೈಗೆ ಬರುತ್ತದೆ, ಮಣ್ಣಿನೊಳಗೆ ಗಡ್ಡೆ ಉಳಿಯುತ್ತದೆ. ಗಡ್ಡೆಗಳು ದಾರದಂಥ ಬೇರುಕಾಂಡದಲ್ಲಿ ಸರದಂತೆ ಪೋಣಿಸಿಕೊಂಡಿರುತ್ತವೆ. ಗುದ್ದಲಿ ಹಾಕಿ ಆ ದಾರ ಕಡಿದರೆ, ಅದುವರೆಗೆ ಸುಮ್ಮನೆ ಮಲಗಿದ್ದ ಒಂದೊಂದು ಗಡ್ಡೆಯೂ ಬೇರೆ ಬೇರೆ ಚಿಗುರುತ್ತದೆ. ಕಡಿದಷ್ಟೂ ಹೆಚ್ಚುವ ಕಳೆ ಅದು. ಕೀಳು ಎಂಬುದು ಕ್ರಿಯೆ, ನಿರ್ಮೂಲ ಎಂಬುದು ಫಲ. ಮೊದಲನೆಯದನ್ನು ಮಾಡಿ ಎರಡನೆಯದು ಆಯಿತು ಎಂದು ಬರೆಯುವುದು ವರದಿಗಳಲ್ಲಿ ಬಹಳ.

ಬೆಳೆಯ ಸುದ್ದಿಯಲ್ಲೂ ಅಷ್ಟೆ. ಹಾನಿ ಅಳತೆಗೆ ಸಿಗುವ ಪದ, ನಷ್ಟ ದುಡ್ಡಿಗೆ ಸಿಗುವ ಪದ, ನಾಶ ಪೂರ್ತಿ ಹೋದದ್ದಕ್ಕೆ. ವಿಪತ್ತು ಪರಿಹಾರಕ್ಕೆ ಬೆಳೆ ಕನಿಷ್ಠ ಶೇ 33ರಷ್ಟು ಹೋಗಿರಬೇಕು ಎಂಬುದು 2015ರಿಂದ ಇರುವ ನಿಯಮ, ಅದಕ್ಕೆ ಮೊದಲು ಶೇ 50 ಇತ್ತು. ಮೂರನೇ ಒಂದು ಭಾಗ ಹೋದ ಹೊಲಕ್ಕೆ ‘ಬೆಳೆ ನಾಶ’ ಎಂದು ತಲೆಬರಹ ಕೊಟ್ಟರೆ, ಪೂರ್ತಿ ಕೊಚ್ಚಿಹೋದ ಪಕ್ಕದ ಹೊಲಕ್ಕೆ ಹೇಳಲು ಪದವೇ ಉಳಿದಿರುವುದಿಲ್ಲ.

ಕಚೇರಿಯ ಪದಗಳು

ಇಲ್ಲಿ ವಿಂಗಡಣೆ ಬಿಗಿಯಾಗಿದೆ, ಹೆಚ್ಚು ಹೇಳಬೇಕಿಲ್ಲ. ಆದೇಶ ರದ್ದಾಗುತ್ತದೆ, ಕಾಯಿದೆ ನಿರಸನವಾಗುತ್ತದೆ, ನೌಕರ ವಜಾ ಆಗುತ್ತಾನೆ, ಅರ್ಜಿಯೂ ವಜಾ ಆಗುತ್ತದೆ, ವಿಧಾನಸಭೆ ವಿಸರ್ಜನೆಯಾಗುತ್ತದೆ, ಪಕ್ಷದಿಂದ ಉಚ್ಚಾಟನೆಯಾಗುತ್ತದೆ. ಅಮಾನತು ಮಾಡಿದವರು ವಾಪಸು ಬರಬಹುದು, ವಜಾ ಆದವರು ಬರಬೇಕಿದ್ದರೆ ಆ ಆದೇಶವೇ ರದ್ದಾಗಬೇಕು. ವಜಾ ಎಂಬುದಕ್ಕೆ ಲೆಕ್ಕದ ಪುಸ್ತಕದಲ್ಲಿ ಕಳೆಯುವುದು ಎಂಬ ಅರ್ಥ ಈಗಲೂ ಇದೆ, ಸಂಬಳದಲ್ಲಿ ವಜಾ ಮಾಡಿಕೊಂಡರು ಎನ್ನುತ್ತೇವಲ್ಲ.

ನನಗೆ ತಕರಾರಿರುವುದು ‘ತೆರವು’ ಒಂದರ ಬಗ್ಗೆ. ತೆರವು ಎಂದರೆ ಖಾಲಿ. ತೆರವಾದ ಸ್ಥಾನ, ತಡೆಯಾಜ್ಞೆ ತೆರವು, ರಸ್ತೆ ತೆರವು ಎಲ್ಲವೂ ಸರಿ. ‘ಒತ್ತುವರಿ ತೆರವು’ ಎಂದಾಗ ವಾಕ್ಯದ ಕಣ್ಣು ನೆಲದ ಮೇಲಿರುತ್ತದೆ, ನೆಲ ಖಾಲಿಯಾಯಿತು ಎಂಬುದಷ್ಟೇ ಕಾಣುತ್ತದೆ. ಆ ನೆಲದ ಮೇಲೆ ನಿಂತಿದ್ದದ್ದು ಬೇಲಿಯೋ ಗೋಡೆಯೋ ಜನ ವಾಸವಿದ್ದ ಮನೆಯೋ ಎಂದು ಗೊತ್ತಾಗುವುದಿಲ್ಲ. ‘ಮರ ತೆರವು’ ಎಂಬುದು ಇನ್ನೂ ಕೆಟ್ಟದ್ದು. ಮರವನ್ನು ಕಡಿಯುತ್ತಾರೆ, ಅಥವಾ ಬುಡಸಮೇತ ಎತ್ತಿ ಬೇರೆಡೆ ನೆಡುತ್ತಾರೆ. ಎರಡರಲ್ಲಿ ಯಾವುದಾಯಿತು ಎಂದು ಓದುಗನಿಗೆ ಹೇಳುವುದು ಬರೆಯುವವನ ಕರ್ತವ್ಯ. ಒತ್ತುವರಿ ಕಾನೂನುಬಾಹಿರವೇ ಆಗಿರಬಹುದು. ಆಗಲೂ ‘ಇಷ್ಟು ಮನೆ ಕೆಡವಿ ಒತ್ತುವರಿ ತೆರವುಗೊಳಿಸಿದರು’ ಎಂದು ಎರಡು ಕ್ರಿಯಾಪದ ಬರೆಯಲು ಒಂದು ಸಾಲಿಗಿಂತ ಹೆಚ್ಚು ಜಾಗ ಬೇಡ.

ಮತ್ತೆ ಪರದೆಯ ಮುಂದೆ

ಕಂಪ್ಯೂಟರಿನಲ್ಲಿ ಫೈಲ್ ಡಿಲೀಟ್ ಮಾಡಿದಾಗ ನಿಜಕ್ಕೂ ಏನಾಗುತ್ತದೆ ಎಂದು ನೋಡಿದರೆ ‘ಅಳಿಸು’ ಅಲ್ಲಿಗೆ ಸಲ್ಲುವುದೇ ಇಲ್ಲ. ಫೈಲಿನ ಒಳಗಿನ ವಿಷಯ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಈ ಜಾಗ ಇನ್ನು ಬೇರೆಯವರಿಗೆ ಕೊಡಬಹುದು ಎಂದು ಪಟ್ಟಿಯಲ್ಲಿ ಗುರುತಾಗುತ್ತದೆ, ಅಷ್ಟೆ. ಡಾಸ್ ಎಂಬ ಹಳೆಯ ಕಂಪ್ಯೂಟರ್ ಕಾರ್ಯವ್ಯವಸ್ಥೆಯಲ್ಲಿ ಡಿಲೀಟ್ ಎಂದರೆ ಫೈಲಿನ ಹೆಸರಿನ ಮೊದಲ ಅಕ್ಷರದ ಮೇಲೆ ಒಂದು ಗುರುತು ಬರೆಯುವುದು. ವಾಪಸು ತರುವ ಪ್ರೋಗ್ರಾಮು ಬಳಸಿದರೆ ಅದು ಮೊದಲ ಅಕ್ಷರ ಯಾವುದಿತ್ತು ಎಂದು ಕೇಳುತ್ತಿತ್ತು. ಹೇಳಿದರೆ ಫೈಲು ಬರುತ್ತಿತ್ತು, ಆ ಜಾಗದಲ್ಲಿ ಅಷ್ಟರಲ್ಲಿ ಬೇರೇನೂ ಬಂದು ಕೂತಿಲ್ಲದಿದ್ದರೆ. ಯೂನಿಕ್ಸ್ ಎಂಬ ಇನ್ನೊಂದು ಬಗೆಯ ಕಾರ್ಯವ್ಯವಸ್ಥೆಗಳಲ್ಲಿ ಇದೇ ಕೆಲಸ ಮಾಡುವ ಆಜ್ಞೆಯ ಹೆಸರು ಅನ್‌ಲಿಂಕ್, ಅಂದರೆ ಕೊಂಡಿ ಕಳಚುವುದು. ಒಂದು ಫೈಲಿಗೆ ಎರಡು ಹೆಸರಿದ್ದರೆ ಒಂದನ್ನು ಕಳಚಿದರೂ ಇನ್ನೊಂದರಿಂದ ಅದು ಸಿಗುತ್ತದೆ. ಎಲ್ಲ ಕೊಂಡಿ ಕಳಚಿ, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಂಡಿಲ್ಲ ಎಂದಾದ ಮೇಲೆ ಜಾಗ ಬಿಡುಗಡೆ. ಮೇಸ್ತ್ರಿಯ ‘ಕಳಚು’ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ.

ಹಳೆಯ ಫೋನೋ ಡಿಸ್ಕೋ ಮಾರುವ ಮೊದಲು ಅದರಲ್ಲಿನ ಮಾಹಿತಿ ಹೋಗಬೇಕಿದ್ದರೆ ಮಾತು ಬೇರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ 800-88 ಎಂಬ ಮಾರ್ಗಸೂಚಿ ಇದಕ್ಕೆ ಮೂರು ಹಂತ ಹೇಳುತ್ತದೆ. ಮೊದಲನೆಯದರಲ್ಲಿ ಇದ್ದದ್ದರ ಮೇಲೆ ಬೇರೆ ಬರೆಯುವುದು, ಸಾಮಾನ್ಯ ಸಾಧನಗಳಿಂದ ಮತ್ತೆ ಓದಲು ಆಗಬಾರದು. ಎರಡನೆಯದರಲ್ಲಿ ಸುಸಜ್ಜಿತ ಪ್ರಯೋಗಾಲಯಕ್ಕೂ ಸಿಗಬಾರದು, ಆದರೆ ಸಾಧನವನ್ನು ಮತ್ತೆ ಬಳಸುವ ದಾರಿ ಉಳಿದಿರಬಹುದು. ಮೂರನೆಯದರಲ್ಲಿ ಸಾಧನವನ್ನೇ ತುಂಡರಿಸುವುದು, ಸುಡುವುದು, ಕರಗಿಸುವುದು. ಕನ್ನಡದಲ್ಲಿ ಇವಕ್ಕೆ ಕ್ರಮವಾಗಿ ‘ಒರೆಸು’, ‘ತೊಡೆದುಹಾಕು’, ‘ನಾಶಮಾಡು’ ಎಂದು ಹೇಳುತ್ತೇನೆ. ಸ್ಲೇಟನ್ನು ಒಣ ಕೈಯಿಂದ ಒರೆಸಿದರೆ ಬಳಪದ ಬಿಳಿ ಮಾಸಲಾಗಿ ಉಳಿದು, ಓರೆಯಾಗಿ ಬೆಳಕಿಗೆ ಹಿಡಿದರೆ ಹಿಂದಿನ ಲೆಕ್ಕ ಕಾಣುತ್ತದಲ್ಲ, ಮೊದಲ ಹಂತದ ಮಿತಿ ಸರಿಸುಮಾರು ಅದೇ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ಮೇಲೆ ಬರೆದರೂ ಸಾಲದು. ಸವೆತ ಹಂಚಿಕೊಳ್ಳಲು ಅದು ಪ್ರತಿ ಸಲ ಬೇರೆ ಬೇರೆ ಕೋಶಗಳಲ್ಲಿ ಬರೆಯುವುದರಿಂದ ಹಳೆಯ ಪ್ರತಿ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದು. ಅಲ್ಲಿ ಡಿಸ್ಕಿನದೇ ಆದ ಒಳ ಆಜ್ಞೆ ಬಳಸಬೇಕು. ಮೊದಲಿನಿಂದಲೂ ಗೂಢಲಿಪಿಯಲ್ಲಿಟ್ಟ ಡಿಸ್ಕಾದರೆ ಅದರ ಕೀಲಿಯನ್ನು ಇಲ್ಲವಾಗಿಸಬಹುದು. ಕೀಲಿ ಹೋದ ಮೇಲೆ ಅಕ್ಷರಗಳೆಲ್ಲ ಇದ್ದಲ್ಲೇ ಇರುತ್ತವೆ, ಓದಲು ಮಾತ್ರ ಬರುವುದಿಲ್ಲ. ಹೋಗದೆಯೇ ಹೋದದ್ದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ‘ಓದದಂತೆ ಮಾಡು’ ಎಂದು ಬಿಡಿಸಿಯೇ ಹೇಳಬೇಕು, ಹೇಳಿದರೆ ತಪ್ಪೂ ಇಲ್ಲ.

ಇನ್ನು ಗುಂಡಿಗಳ ಲೆಕ್ಕ. ‘ಆರ್ಡರ್ ರದ್ದುಮಾಡಬೇಕೆ?’ ಎಂದು ಕೇಳಿ, ಕೆಳಗೆ ‘ರದ್ದುಮಾಡಿ’ ಮತ್ತು ‘ಸರಿ’ ಎಂದು ಎರಡು ಗುಂಡಿ ಕೊಡುವುದು ಎಲ್ಲ ಕಡೆ ಕಾಣುವ ತಪ್ಪು. ಒಂದು ರದ್ದು ಆರ್ಡರಿನದು, ಇನ್ನೊಂದು ಆ ಪ್ರಶ್ನೆಯದು. ಯಾವುದು ಯಾವುದೆಂದು ಒತ್ತಿದ ಮೇಲೆ ಗೊತ್ತಾಗುತ್ತದೆ. ಪ್ರಶ್ನೆಯಲ್ಲಿದ್ದ ಕ್ರಿಯಾಪದವೇ ಒಂದು ಗುಂಡಿಯಲ್ಲಿರಬೇಕು, ಇನ್ನೊಂದರಲ್ಲಿ ಆ ಕ್ರಿಯಾಪದದ ನೆರಳೂ ಇರಬಾರದು. ‘ಈ 3 ಫೋಟೊಗಳನ್ನು ಬುಟ್ಟಿಗೆ ಹಾಕಲೇ? 30 ದಿನದೊಳಗೆ ವಾಪಸು ಪಡೆಯಬಹುದು.’ ಕೆಳಗೆ ‘ಬುಟ್ಟಿಗೆ ಹಾಕು’, ‘ಬೇಡ’. ಬುಟ್ಟಿಯನ್ನೇ ಖಾಲಿ ಮಾಡುವಾಗ ‘ಅಳಿಸಿಹಾಕು’, ‘ಬೇಡ’. ಮೇಲೆ ‘ಇವು ಮತ್ತೆ ಸಿಗುವುದಿಲ್ಲ’ ಎಂಬ ಸಾಲು. ಮೊದಲು ಹೇಳಿದ ಆ ಪತ್ರದ ಕೆಳಗೆ ‘ಉಳಿಸಿ’ ಹಾಗೇ ಇರಲಿ, ಒಳ್ಳೆಯ ಪದ. ಅದರ ಪಕ್ಕದ್ದನ್ನು ‘ಪತ್ರ ಬೇಡ’ ಎಂದು ಬದಲಿಸಿ, ಪರದೆಯ ಆ ತುದಿಗೆ ಸರಿಸಿದರೆ ಸಾಕು.